ಜಾಮ್ ಆದ ಸ್ಕ್ರೂಗೆ ಸುತ್ತಿಗೆ ಏಟಿನ ಇಂಪ್ಯಾಕ್ಟ್ ಡ್ರೈವರ್: ದಾವಣಗೆರೇಲಿ ತಗೊಂಡು ಬಳಸಿದ್ಮೇಲೆ

ಹಳೇ ಬೈಕ್ ಇಟ್ಕೊಂಡಿರೋರು, ಬಿಚ್ಚೋ ಹಾಕೋ ಕೆಲಸ ಮನೇಲೇ ಮಾಡ್ಕೊಳ್ಳೋರು ಇದನ್ನ ಓದ್ಲಿ ಅಂತ ಬರೀತಿದೀನಿ. ನಾನು ಹೇಳ್ತಿರೋದು ಬ್ಯಾಟರಿ ಇಂಪ್ಯಾಕ್ಟ್ ಅಲ್ಲ, ಟೈರ್ ಅಂಗಡಿ ಏರ್ ಗನ್ನೂ ಅಲ್ಲ. ಕೈಲಿ ಹಿಡ್ಕೊಂಡು ಹಿಂದ್ಗಡೆಯಿಂದ ಸುತ್ತಿಗೇಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್. ಗಿಡ್ಡಕೆ ದಪ್ಪಕೆ ಕಬ್ಬಿಣದ ಬಾಡಿ, ಮುಷ್ಟಿ ತುಂಬ ಬರುತ್ತೆ, ಕೈಗೆ ಒಳ್ಳೆ ತೂಕ ಸಿಗುತ್ತೆ. ಮಂಡಿಪೇಟೆ ಕಡೆ ಒಂದು ಹಾರ್ಡ್‌ವೇರ್ ಅಂಗಡೀಲಿ ಐನೂರು ಚಿಲ್ರೆಗೆ ಸಿಕ್ತು. ತಗಡಿನ ಡಬ್ಬಿ, ಒಳಗೆ ಡ್ರೈವರ್, ಬಿಟ್ (ಸ್ಕ್ರೂ ತಲೆಗೆ ಕೂರೋ ತುದಿ) ಹಿಡಿಯೋ ಹೋಲ್ಡರ್, ಎರಡು ಸ್ಟಾರ್ ಬಿಟ್, ಎರಡು ಫ್ಲಾಟ್ ಬಿಟ್, ಇಷ್ಟೇ. ಬಾಡಿ ಬಗ್ಗೆ ನಂಗೆ ಪೂರ್ತಿ ಖುಷಿ ಐತೆ, ಜೊತೆಗೆ ಕೊಟ್ಟಿರೋ ಬಿಟ್ಟುಗಳ ಬಗ್ಗೆ ಇಲ್ಲ, ಅದನ್ನ ಮುಂದೆ ಹೇಳ್ತೀನಿ.

ಇದು ಯಾಕೆ ಬೇಕಾಗುತ್ತೆ ಅಂದ್ರೆ, ನಮ್ಮ ಕಡೆ ಇನ್ನೂ ಎಷ್ಟೋ ಮನೇಲಿ ಯಮಹಾ ಆರ್‌ಎಕ್ಸ್ 100 ಐತೆ, ಹಳೇ ಸ್ಪ್ಲೆಂಡರ್ ಅಂತೂ ಓಣಿಗೆ ನಾಕೈದು. ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ, ಅಂದ್ರೆ ಎಲ್ಲಕ್ಕಿಂತ ಹೊಸ ಗಾಡಿಗೂ ಮೂವತ್ತು ವರ್ಷದ ಹತ್ರ ಆಯ್ತು. ಅದರ ಕ್ಲಚ್ ಕವರ್ರು ಮ್ಯಾಗ್ನೆಟ್ ಕವರ್ರು ಎಲ್ಲಾ ಅಲ್ಯೂಮಿನಿಯಂ, ಅದಕ್ಕೆ ಹಾಕಿರೋ ಸ್ಟಾರ್ ಸ್ಕ್ರೂ ಸ್ಟೀಲು. ಈ ಎರಡು ಲೋಹ ಮುಟ್ಟಿಕೊಂಡಿರೋ ಜಾಗಕ್ಕೆ ನೀರು ಸೇರಿದ್ರೆ ಅಲ್ಯೂಮಿನಿಯಂ ತಿನ್ಕೊಂಡು ಬೆಳ್ಳಗೆ ಪುಡಿ ಪುಡಿ ಆಗುತ್ತೆ, ಆ ಪುಡಿ ಥ್ರೆಡ್ ಸಂದೀಲಿ ಉಬ್ಬಿ ಸ್ಕ್ರೂನ ಕಚ್ಚಿ ಹಿಡಿಯುತ್ತೆ. ಭದ್ರಾ ನಾಲೆ ಕೆಳಗಿನ ಊರುಗಳ ಗಾಡಿ ನೋಡಿ ಬೇಕಾದ್ರೆ, ಮಲೇಬೆನ್ನೂರು ಕಡೆಯವು, ಗದ್ದೆ ಬದೂನಲ್ಲಿ ಕೆಸರಲ್ಲೇ ಓಡಾಡಿ ನಾಲೆ ನೀರಲ್ಲೇ ತೊಳೆಸ್ಕೊಂಡಿರ್ತವೆ, ಅಂಥವುಗಳ ಸ್ಕ್ರೂ ಸಾದಾ ಸ್ಕ್ರೂಡ್ರೈವರ್‌ಗೆ ಬರೋದೇ ಇಲ್ಲ. ಆಮೇಲೆ ಏನಾಗುತ್ತೆ, ಗ್ಯಾರೇಜಲ್ಲಿ ಟೈಮ್ ಇರಲ್ಲ, ಚಾಣ ಇಟ್ಟು ಸ್ಕ್ರೂ ತಲೆಗೆ ಓರೆಯಾಗಿ ಹೊಡೀತಾರೆ. ಬರುತ್ತೆ, ಇಲ್ಲ ಅನ್ನಲ್ಲ, ಆದ್ರೆ ತಲೆ ಹರಿದು ಹೋಗಿರುತ್ತೆ, ಚಾಣ ಜಾರಿದ ಕಡೆ ಕವರ್ ಮೇಲೆ ಗೀರು ಬಿದ್ದಿರುತ್ತೆ, ಮತ್ತೆ ಅದೇ ಸ್ಕ್ರೂ ವಾಪಸ್ ಹಾಕಿ ಕಳಿಸ್ತಾರೆ. ಮೂವತ್ತು ವರ್ಷ ಜೋಪಾನ ಮಾಡಿದ ಒರಿಜಿನಲ್ ಕವರ್ ಮೇಲೆ ಆ ಚಾಣದ ಗೀರು ನೋಡಿದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಸ್ಟಾರ್ ಸ್ಕ್ರೂ ಯಾಕೆ ಸ್ಲಿಪ್ ಹೊಡೆಯುತ್ತೆ ಅನ್ನೋದು ಗೊತ್ತಾದ್ರೆ ಈ ಸಾಮಾನು ಏನ್ ಮಾಡುತ್ತೆ ಅನ್ನೋದು ತಾನೇ ಗೊತ್ತಾಗುತ್ತೆ. 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಹೆಸರಲ್ಲಿ ಬಂದ ಡಿಸೈನ್ ಇದು, ಅದರ ಕೂಡು ಗೆರೆಯ ಒಳಗೋಡೆ ನೆಟ್ಟಗೆ ಇರಲ್ಲ, ಇಳಿಜಾರಾಗಿರುತ್ತೆ. ನೀವು ಜೋರಾಗಿ ತಿರುಗಿಸಿದಷ್ಟೂ ಆ ಇಳಿಜಾರು ಡ್ರೈವರ್ ತುದೀನ ಮೇಲಕ್ಕೆ ತಳ್ಳುತ್ತೆ. ಅಂದ್ರೆ ಒಂದು ಕೈ ತಿರುಗಿಸ್ಬೇಕು, ಅದೇ ಕೈ ಒಳಗೆ ಒತ್ತಲೂ ಬೇಕು, ಒತ್ತೋದು ಸ್ವಲ್ಪ ಕಮ್ಮಿ ಆಯ್ತೋ ತುದಿ ಎಗರಿ ಸ್ಕ್ರೂ ತಲೆ ಕೆರೆದು ದುಂಡಗಾಗುತ್ತೆ. ಕೈ ಬಲದಿಂದ ಎರಡನ್ನೂ ಒಟ್ಟಿಗೆ ಬೇಕಾದಷ್ಟು ಕೊಡೋಕೆ ಪೈಲ್ವಾನ್ ಆದ್ರೂ ಆಗಲ್ಲ. ಇಂಪ್ಯಾಕ್ಟ್ ಡ್ರೈವರ್ ಒಳಗೆ ಓರೆಯಾಗಿ ಕೊರೆದ ತೋಡು ಐತೆ, ಆ ತೋಡಿನಲ್ಲಿ ಜಾರೋ ಪಿನ್ ಐತೆ, ವಾಪಸ್ ತಳ್ಳೋಕೆ ಗಟ್ಟಿ ಸ್ಪ್ರಿಂಗ್ ಐತೆ. ಮಕ್ಕಳ ಆಟದ ಬುಗುರಿ ಒಂದು ಬರುತ್ತಲ್ಲ, ಮೇಲಿನ ಹಿಡಿ ಒತ್ತಿದ್ರೆ ಕೆಳಗೆ ಗಿರ್ರಂತ ತಿರುಗುತ್ತೆ, ಅದೇ ಕಥೆ ಇಲ್ಲಿ, ಆದ್ರೆ ಬರೀ ಕೂದಲೆಳೆಯಷ್ಟು ತಿರುಗುತ್ತೆ, ಭಾರೀ ಬಲದಲ್ಲಿ ತಿರುಗುತ್ತೆ. ಸುತ್ತಿಗೆ ಏಟು ಬಿದ್ದ ಕ್ಷಣದಲ್ಲೇ ಬಿಟ್ಟು ಸ್ಕ್ರೂ ಒಳಗೆ ಒತ್ತಿಕೊಳ್ಳುತ್ತೆ, ಅದೇ ಕ್ಷಣದಲ್ಲೇ ಎಡಕ್ಕೆ ತಿರುಗುತ್ತೆ. ಎಗರೋಕೆ ಜಾಗಾನೇ ಇಲ್ಲ. ಜೊತೆಗೆ ಆ ಏಟಿನ ಅದುರು ಥ್ರೆಡ್‌ವರೆಗೂ ಹೋಗಿ ಹಿಡಿದಿರೋ ಪುಡೀನ ಒಡೆಯುತ್ತೆ, ಅದು ಅರ್ಧ ಕೆಲಸ.

ನಾನು ಇದನ್ನ ಹೆಚ್ಚಾಗಿ ಬಳಸಿದ್ದು ನಮ್ಮಪ್ಪನ ಆರ್‌ಎಕ್ಸ್‌ನ ಕ್ಲಚ್ ಕವರ್ ಮೇಲೆ. ಮೊದಲು ಪಿನ್ ತಗೊಂಡು ಪ್ರತಿ ಸ್ಕ್ರೂ ತಲೆ ಒಳಗಿನ ಮಣ್ಣು ಕೆರೆದೆ, ಒಣಗಿದ ಎಣ್ಣೆ ಮಣ್ಣು ಸೇರ್ಕೊಂಡು ಕಲ್ಲಾಗಿರುತ್ತೆ, ಅದು ತಳದಲ್ಲಿ ಇದ್ರೆ ಬಿಟ್ಟು ಪೂರ್ತಿ ಕೂರಲ್ಲ. ಕೆರೆದು, ಬ್ರಶ್ಶಲ್ಲಿ ಪೆಟ್ರೋಲ್ ಹಚ್ಚಿ ತೊಳೆದ ಮೇಲೆ ಬಿಟ್ಟು ಇಟ್ಟು ಅಲ್ಲಾಡಿಸಿದ್ರೆ ಒಂಚೂರೂ ಆಟ ಇರಬಾರ್ದು. ಆಮೇಲೆ ಡ್ರೈವರ್ ಬಾಡೀನ ಬಿಚ್ಚೋ ಕಡೆಗೆ, ಅಂದ್ರೆ ಎಡಕ್ಕೆ, ಕೈಲೇ ತಿರುವಿ ಬಿಗಿ ಹಿಡಿದು, ಹಂಗೇ ಬಿಗಿ ಇರೋವಾಗ್ಲೇ ಒಂದು ಏಟು. ಠಣ್ ಅಂತ ಸದ್ದು ಬರುತ್ತೆ, ಸ್ಕ್ರೂ ಕದಲದಿದ್ರೆ ಆ ಸದ್ದು ಹಂಗೇ ಇರುತ್ತೆ, ಕದಲಿದ್ರೆ ಮುಂದಿನ ಏಟಿಗೆ ಸದ್ದು ಮೊಂಡಾಗುತ್ತೆ, ಬೇಗ ಕಿವಿಗೆ ಅಭ್ಯಾಸ ಆಗುತ್ತೆ. ಸ್ಕ್ರೂ ತಲೆ ಕೆಳಗಿನ ಮಣ್ಣಿನ ಉಂಗುರ ಬಿರುಕು ಬಿಟ್ಟಿರೋದು ಕಾಣಿಸುತ್ತೆ, ಅಷ್ಟು ಕಂಡ್ರೆ ಸಾಕು, ಉಳಿದಿದ್ದನ್ನ ಸಾದಾ ಡ್ರೈವರಲ್ಲೇ ಬಿಚ್ಚಬಹುದು. ಕವರಿಗೆ ಒಂದೂ ಗೀರು ಬೀಳ್ದೆ ಎಲ್ಲಾ ಸ್ಕ್ರೂ ಟ್ರೇಗೆ ಬಂದಾಗ ಆದ ಸಮಾಧಾನ ಹೇಳತೀರದು.

ಹೊಡೆಯೋ ರೀತಿ ಬಗ್ಗೆ ಒಂದು ಮಾತು. ನಮ್ಮ ಓಣೀಲಿ ಒಬ್ರು ದೊಡ್ಡಪ್ಪ ಅದಾರೆ, ಹರಿಹರದ ಮೈಸೂರು ಕಿರ್ಲೋಸ್ಕರ್ ಫ್ಯಾಕ್ಟರೀಲಿ ಲೇಥ್ ಕಟ್ಟೋ ಕೆಲಸ ಮಾಡ್ದೋರು. 1941ರಲ್ಲಿ ಶುರುವಾದ ಆ ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷ ಆದ್ರೂ ಅಲ್ಲಿ ದುಡಿದೋರ ಕೈ ಇನ್ನೂ ಹಂಗೇ ಐತೆ. ನಾನು ಸಣ್ಣ ಸುತ್ತಿಗೇಲಿ ಟಕ ಟಕ ಅಂತ ಬಡೀತಿರೋದು ನೋಡಿ ಬಂದು ನಿಂತ್ರು.

"ಏನ್ ತಮ್ಮಾ, ಬಾಗ್ಲು ಬಡದಂಗ್ ಬಡೀತಿಯಲ್ಲೋ. ಏಟು ಒಂದಾ ಇರ್ಲಿ, ಗಟ್ಟಿ ಇರ್ಲಿ."

"ಕವರ್ ಒಡೀತತಿ ಅಂತ ಹೆದ್ರಿಕೆ ದೊಡ್ಡಪ್ಪಾ."

"ನೆಟ್ಟಗ ಬಿದ್ದ ಏಟಿಗೆ ಒಡೆಯಂಗಿಲ್ಲ, ವಾರೆ ಬಿದ್ರ ಒಡೀತತಿ. ಡ್ರೈವರ್ ನೆಟ್ಟಗ ಹಿಡಿ, ಸುತ್ತಿಗಿ ತೂಕ ತಾನಾ ಕೆಲ್ಸ ಮಾಡ್ತತಿ."

ಅವರು ಹೇಳಿದ್ದು ಅಕ್ಷರಶಃ ಸರಿ. ಸಣ್ಣ ಏಟುಗಳೆಲ್ಲಾ ಸ್ಪ್ರಿಂಗ್ ನುಂಗಿಬಿಡುತ್ತೆ, ಸ್ಕ್ರೂವರೆಗೆ ಹೋಗೋದೇ ಇಲ್ಲ. ಅರ್ಧ ಕೇಜಿಯಿಂದ ಮುಕ್ಕಾಲು ಕೇಜಿ ತೂಕದ ಬಾಲ್ ಪೀನ್ ಸುತ್ತಿಗೆ (ಒಂದು ಕಡೆ ತಲೆ ಗುಂಡಗಿರೋದು) ಬೈಕ್ ಕೆಲಸಕ್ಕೆ ಸರಿಯಾಗುತ್ತೆ. ರಬ್ಬರ್ ಸುತ್ತಿಗೆ, ಕಟ್ಟಿಗೆ ಕೊಡತಿ ಇವು ಬೇಡ, ಏಟಿನ ಬಿಸಿಯೇ ಮುಟ್ಟಲ್ಲ. ಬಡಗಿಗಳ ಮೊಳೆ ಕೀಳೋ ಸುತ್ತಿಗೇನೂ ಬೇಡ, ಅದು ಮೊಳೆಗೆ ಅಂತ ಮಾಡಿದ್ದು. ಮತ್ತೆ ಕಣ್ಣಿಗೆ ಕನ್ನಡಕ ಹಾಕ್ಕೊಳ್ರಿ, ಉಕ್ಕಿನ ಮೇಲೆ ಉಕ್ಕು ಬಡಿಯೋವಾಗ ಚೂರು ಹಾರಿದ್ರೆ ಕಣ್ಣೇ ಹೋಗುತ್ತೆ, ಇದನ್ನ ಹಗುರಾಗಿ ತಗೋಬ್ಯಾಡ್ರಿ. ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ ಗಟ್ಟಿ ನಿಂತಿರ್ಲಿ, ಸೈಡ್ ಸ್ಟ್ಯಾಂಡಲ್ಲಿ ಹೊಡೆದ್ರೆ ಇಡೀ ಗಾಡಿ ಅಲ್ಲಾಡಿ ಏಟು ವೇಸ್ಟ್.

ಈಗ ಬಿಟ್ಟಿನ ವಿಷಯ, ಇದೇ ದೊಡ್ಡ ವಿಷಯ. ಡಬ್ಬಿ ಜೊತೆ ಬಂದ ಸ್ಟಾರ್ ಬಿಟ್ಟು ಮೆತ್ತಗೈತೆ. ಗಟ್ಟಿ ಸ್ಕ್ರೂ ಒಂದೆರಡು ಬಿಚ್ಚೋಷ್ಟರಲ್ಲಿ ಅದರ ರೆಕ್ಕೆ ಅಂಚು ತಿರುಚಿಕೊಂಡಂಗೆ ಆಗಿತ್ತು, ಬೆರಳಲ್ಲಿ ಸವರಿದ್ರೆ ಗೊತ್ತಾಗ್ತಿತ್ತು. ತಿರುಚಿದ ಬಿಟ್ಟು ಬಳಸ್ತಾ ಹೋದ್ರೆ ಸ್ಕ್ರೂ ತಲೆ ಹಾಳಾಗೋದು ಗ್ಯಾರಂಟಿ, ಹಂಗಾದ್ರೆ ಚಾಣಕ್ಕೂ ಇದಕ್ಕೂ ವ್ಯತ್ಯಾಸ ಏನು ಉಳೀತು. ನಾನು ಎಸ್2 ಸ್ಟೀಲಿನ ಬಿಟ್ಟು ಬೇರೆ ತಗೊಂಡೆ, ಅದು ಇಂಥ ಏಟು ತಡೆಯೋಕೆ ಅಂತಾನೆ ಇರೋ ಉಕ್ಕು, ಇವತ್ತಿಗೂ ಅಂಚು ಚೂಪಾಗೇ ಐತೆ. ತಗೊಳ್ಳೋವಾಗ ಒಂದು ನೋಡ್ಕೊಳ್ರಿ, ಈ ಡ್ರೈವರ್ ಹೋಲ್ಡರಿಗೆ ಕೂರೋದು 8 ಎಂಎಂ ದಪ್ಪದ ಆರು ಮೂಲೆ ಬಿಟ್ಟು. ಡ್ರಿಲ್ ಮಷೀನಿಗೆ ಹಾಕೋ ಸಣ್ಣ ಬಿಟ್ಟು ಇದಕ್ಕೆ ಲೂಸಾಗುತ್ತೆ, ಅಂಗಡೀಲಿ ಕೇಳ್ದೆ ತಂದ್ರೆ ಕೆಲಸಕ್ಕೆ ಬರಲ್ಲ. 6 ಎಂಎಂ ಸ್ಕ್ರೂಗೆ ಮೂರನೇ ನಂಬರ್ ಬಿಟ್ಟು, 5 ಎಂಎಂಗೆ ಎರಡನೇ ನಂಬರ್. ಎರಡನೇ ನಂಬರ್ ಬಿಟ್ಟು ದೊಡ್ಡ ಸ್ಕ್ರೂ ಒಳಗೂ ಕೂತಂಗೆ ಅನ್ಸುತ್ತೆ, ಆದ್ರೆ ಗೋಡೆ ಮುಟ್ಟಿರಲ್ಲ, ಅದೇ ಅಪಾಯ.

ಅದಕ್ಕಿಂತ ಸೂಕ್ಷ್ಮದ್ದು ಇನ್ನೊಂದೈತೆ. ಯಮಹಾ, ಹೋಂಡಾ, ಸುಜುಕಿ ಇವು ಜಪಾನ್ ಡಿಸೈನ್ ಗಾಡಿಗಳು, ಅವುಗಳ ಒರಿಜಿನಲ್ ಸ್ಕ್ರೂ ನೋಡೋಕೆ ನಮ್ಮ ಸ್ಟಾರ್ ಥರಾನೇ ಕಂಡ್ರೂ ಜಪಾನಿನ ಜೆಐಎಸ್ ಅಳತೆಗೆ ಮಾಡಿದ್ದು. ಎಷ್ಟೋ ಸ್ಕ್ರೂ ತಲೆ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತೆ, ಅದೇ ಗುರುತು. ಸಾದಾ ಫಿಲಿಪ್ಸ್ ಬಿಟ್ಟಿನ ತುದಿ ಅದರ ತಳಕ್ಕೆ ಮೊದಲೇ ತಾಗಿಬಿಡುತ್ತೆ, ರೆಕ್ಕೆಗಳು ಗೋಡೆಗೆ ಪೂರ್ತಿ ಕೂರೋಕೆ ಮುಂಚೇನೇ. ಜೆಐಎಸ್ ಬಿಟ್ಟು ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ, ಊರಲ್ಲಿ ಕೇಳಿದ್ರೆ ಸಿಗೋದು ಕಷ್ಟ, ಆನ್‌ಲೈನಲ್ಲಿ ತರಿಸ್ಬೇಕು. ಇಲ್ಲಾಂದ್ರೆ ಫಿಲಿಪ್ಸ್ ಬಿಟ್ಟಿನ ಮೂತೀನ ಸಾಣೆ ಕಲ್ಲಿಗೆ ಒಂಚೂರು, ಒಂಚೂರೇ, ಕೊಟ್ಟು ತುದಿ ಚಪ್ಪಟೆ ಮಾಡಿದ್ರೆ ಒಳಗೆ ಇನ್ನಷ್ಟು ಇಳಿದು ಕಚ್ಚಿ ಕೂರುತ್ತೆ. ಕೊಡೋವಾಗ ಗಳಿಗೆಗೊಮ್ಮೆ ನೀರಲ್ಲಿ ಅದ್ದಬೇಕು, ಕಾದು ನೀಲಿ ಬಣ್ಣಕ್ಕೆ ತಿರುಗಿದ್ರೆ ಉಕ್ಕಿನ ಹದ ಹೋಯ್ತು ಅಂತಾನೆ ಲೆಕ್ಕ. ಸ್ಕ್ರೂ ತಲೆ ಈಗಾಗ್ಲೇ ಸ್ವಲ್ಪ ಕೆರೆದಿದ್ರೆ ಬಿಟ್ಟಿನ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ನೋಡ್ರಿ, ಎಂಜಿನ್ ಕೆಲಸ ಮಾಡೋ ಯಾವ ಗ್ಯಾರೇಜಲ್ಲಾದ್ರೂ ಡಬ್ಬಿ ಇರುತ್ತೆ, ಅದರೊಳಗಿನ ಮರಳಿನಂಥ ಪುಡಿ ಎರಡರ ಮಧ್ಯೆ ಕಚ್ಚಿ ಹಿಡಿಯುತ್ತೆ. ಸಣ್ಣ ಉಪಾಯ, ಆದ್ರೆ ಎಷ್ಟೋ ಸ್ಕ್ರೂ ಉಳಿಸೈತೆ.

ಸ್ಪ್ಲೆಂಡರ್ ಇಟ್ಕೊಂಡಿರೋರಿಗೆ ಇದು ಇನ್ನೂ ಮುಖ್ಯ. ಅದರ ಬಲಗಡೆ ಕವರ್ ತೆಗೆದ್ರೆ ಒಳಗೆ ಕ್ರ್ಯಾಂಕ್ (ಎಂಜಿನ್ನಿನ ತಿರುಗೋ ದಂಡ) ಜೊತೆ ತಿರುಗೋ ಆಯಿಲ್ ಫಿಲ್ಟರ್ ಐತೆ, ತಿರುಗೋ ರಭಸಕ್ಕೆ ಆಯಿಲಲ್ಲಿರೋ ಕೊಳೆ ಹೋಗಿ ಅಂಚಿಗೆ ಅಂಟುತ್ತೆ. ಅದರ ಮುಚ್ಚಳಕ್ಕೆ ಮೂರು ಸ್ಟಾರ್ ಸ್ಕ್ರೂ. ಅವು ಬರಲ್ಲ ಅಂತಾನೆ ಎಷ್ಟೋ ಕಡೆ ಆ ಫಿಲ್ಟರ್ ಕ್ಲೀನ್ ಮಾಡೋದನ್ನೇ ಬಿಟ್ಟಿರ್ತಾರೆ, ಬಿಚ್ಚಿ ನೋಡಿದ್ರೆ ಒಳಗೆ ಕಪ್ಪನೆ ಕೊಳೆ ಗೋಡೆ ಕಟ್ಟಿರುತ್ತೆ. ಇಂಪ್ಯಾಕ್ಟಲ್ಲಿ ಬರುತ್ತೆ. ಆದ್ರೆ ಇಲ್ಲಿ ದೊಡ್ಡ ಸುತ್ತಿಗೆ ಬೇಡ, ಏಟು ನೇರ ಕ್ರ್ಯಾಂಕ್ ಮೇಲೆ, ಅದರ ಬೇರಿಂಗ್ ಮೇಲೆ ಬೀಳುತ್ತೆ, ಸಣ್ಣ ಸುತ್ತಿಗೆ ತಗೊಂಡು ಹದವಾಗಿ ಹೊಡೀರಿ, ಎರಡು ಏಟು ಜಾಸ್ತಿ ಬಿದ್ರೂ ಪರವಾಗಿಲ್ಲ.

ಕಾರ್ಬುರೇಟರ್ ಹತ್ರ ಇದನ್ನ ತರಲೇಬ್ಯಾಡ್ರಿ. ಅದರ ಬಾಡಿ ಮೆತ್ತನೆ ಎರಕ, ಒಂದೇ ಏಟಿಗೆ ಕಿವಿ ಮುರಿಯುತ್ತೆ. ಕರೆಂಟ್ ಬೋರ್ಡು, ಮೋಟ್ರು ಸ್ಟಾರ್ಟರ್ ಡಬ್ಬಿ, ಬೇಕಲೈಟ್ (ಗಟ್ಟಿ ಪ್ಲಾಸ್ಟಿಕ್ ಥರದ್ದು) ಇರೋ ಕಡೆನೂ ಬೇಡ. ಡಿಸ್ಕ್ ಬ್ರೇಕ್ ಇರೋ ಬೈಕಲ್ಲಿ ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಎರಡು ಸ್ಕ್ರೂ ಜಾಮ್ ಆಗೋದಕ್ಕೆ ಹೆಸರುವಾಸಿ, ಅಲ್ಲಿ ಬಳಸಬಹುದು, ಆದ್ರೆ ಇನ್ನೊಬ್ರು ಹ್ಯಾಂಡಲ್ ಗಟ್ಟಿ ಹಿಡ್ಕೊಂಡಿರ್ಬೇಕು, ಏಟು ಮೆಲ್ಲಗಿರ್ಬೇಕು, ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿರ್ಬೇಕು, ಬ್ರೇಕ್ ಆಯಿಲ್ ಒಂದು ಹನಿ ಬಿದ್ರೂ ಪೇಂಟ್ ಎದ್ದು ಬರುತ್ತೆ. ಹಳೇ ತೇಗದ ಬಾಗಿಲಿನ ಕೀಲಿನ ಸ್ಕ್ರೂಗೂ ಕೇಳ್ತಾರೆ, ಕಟ್ಟಿಗೆ ಏಟು ನುಂಗುತ್ತೆ, ಸೀಳೋ ಭಯಾನೂ ಐತೆ, ಅಲ್ಲಿ ಉದ್ದ ಹಿಡಿಯ ಫ್ಲಾಟ್ ಡ್ರೈವರ್ರೇ ವಾಸಿ.

ಬಿಟ್ ಹೋಲ್ಡರ್ ತೆಗೆದ್ರೆ ಮುಂದೆ ಅರ್ಧ ಇಂಚಿನ ಚೌಕ ತುದಿ ಬರುತ್ತೆ, ಅದಕ್ಕೆ ಸಾಕೆಟ್ ಹಾಕಬಹುದು. ಪಂಪ್‌ಸೆಟ್ ಫುಟ್‌ವಾಲ್ವ್ ಬೋಲ್ಟು, ಟಿಲ್ಲರ್ ಬ್ಲೇಡಿನ ಬೋಲ್ಟು ಇಂಥವಕ್ಕೆ ನಮ್ಮ ಮಾವ ಅನಗೋಡಲ್ಲಿ ಹಿಂಗೇ ಬಳಸ್ತಾರೆ. ಸಾಕೆಟ್ ಮಾತ್ರ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಇರ್ಲಿ, ಹೊಳೆಯೋ ಕ್ರೋಮ್ ಸಾಕೆಟ್ ಏಟಿಗೆ ಸೀಳಬಹುದು.

ಇಂಪ್ಯಾಕ್ಟ್ ಐತೆ ಅಂತ ಎಣ್ಣೆ ಬಿಡೋದು ಬಿಡಬಾರ್ದು. ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಟ್ರೆ ಬೆಳಿಗ್ಗೆ ಕೆಲಸ ಅರ್ಧಕ್ಕಿಳಿಯುತ್ತೆ. ಅದಕ್ಕೂ ಬಗ್ಗದಿದ್ರೆ ಹೀಟ್ ಗನ್, ಅಥವಾ ಕುದಿಯೋ ನೀರು ಕವರ್ ಮೇಲೆ ಸುರೀರಿ, ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತೆ, ಆ ಹಿಗ್ಗಿದ ಟೈಮಲ್ಲಿ ಏಟು ಹಾಕಿದ್ರೆ ಸ್ಕ್ರೂ ಬಿಡುತ್ತೆ. ಬೆಂಕಿ ಮಾತ್ರ ಬೇಡ, ಮೇಲೇನೇ ಪೆಟ್ರೋಲ್ ಟ್ಯಾಂಕ್ ಇರುತ್ತೆ.

ಬೇರೆ ಆಯ್ಕೆ ಅಂದ್ರೆ ಜಪಾನಿನ ವೆಸೆಲ್ ಕಂಪನಿಯ ಮೆಗಾಡೋರಾ ಇಂಪ್ಯಾಕ್ಟಾ ಐತೆ. ನೋಡೋಕೆ ಸಾದಾ ಸ್ಕ್ರೂಡ್ರೈವರ್, ಹಿಡಿ ಹಿಂದೆ ಹೊಡೆದ್ರೆ 12 ಡಿಗ್ರಿ ತಿರುಗುತ್ತೆ, ಬಿಚ್ಚೋ ಕಡೆಗೆ ಮಾತ್ರ. ತುದಿ ಜಪಾನ್ ಸ್ಕ್ರೂಗೆ ಕರೆಕ್ಟಾಗಿ ಕೂರುತ್ತೆ. ನನ್ನ ಗೆಳೆಯ ಒಬ್ಬ ತರಿಸಿದ್ದ, ಸಣ್ಣ ಸ್ಕ್ರೂಗೆ, ಇಕ್ಕಟ್ಟು ಜಾಗಕ್ಕೆ ಅದು ಚಿನ್ನದಂಥ ಸಾಮಾನು, ರೇಟು ಮಾತ್ರ ನಮ್ಮ ಡಬ್ಬಿ ಸೆಟ್‌ಗಿಂತ ಎಷ್ಟೋ ಜಾಸ್ತಿ. ಕ್ರ್ಯಾಂಕ್‌ಕೇಸ್‌ನ ದೊಡ್ಡ ಸ್ಕ್ರೂಗೆ ಬಲ ಸಾಕಾಗಲ್ಲ, ಅಲ್ಲಿ ದಪ್ಪ ಬಾಡಿ ಇಂಪ್ಯಾಕ್ಟೇ ಬೇಕು. ಬ್ಯಾಟರಿ ಇಂಪ್ಯಾಕ್ಟ್ ಡ್ರೈವರ್ ಇದ್ರೆ ಇದು ಯಾಕೆ ಅಂತ ಕೇಳೋರಿಗೆ ಹೇಳ್ತೀನಿ, ಅದು ತಿರುಗಿಸೋ ಕಡೆಗೆ ಪಟಪಟ ಅಂತ ಬಡಿಯುತ್ತೆ, ಒಳಗೆ ಒತ್ತಲ್ಲ, ಒತ್ತೋದು ನಿಮ್ಮ ಕೈಯೇ. ಕಚ್ಚಿದ ಸ್ಟಾರ್ ಸ್ಕ್ರೂಗೆ ಆ ಒತ್ತೇ ಪ್ರಾಣ.

ಬಿಚ್ಚಿದ ಸ್ಕ್ರೂನೇ ವಾಪಸ್ ಹಾಕೋದಾದ್ರೆ ಥ್ರೆಡ್ ಬ್ರಶ್ ಮಾಡಿ ಒಂಚೂರು ಆ್ಯಂಟಿ ಸೀಜ್ (ಥ್ರೆಡ್ ಕಚ್ಚದಂಗೆ ತಡೆಯೋ ಪೇಸ್ಟ್) ಅಥವಾ ಗ್ರೀಸ್ ಹಚ್ಚಿ ಹಾಕ್ರಿ, ಇಂಪ್ಯಾಕ್ಟಲ್ಲಿ ಬಿಗಿ ಮಾಡೋಕೆ ಹೋಗ್ಬ್ಯಾಡ್ರಿ, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತೆ. ಆರ್‌ಎಕ್ಸ್‌ನೋರು ಬಹಳ ಜನ ಅಲೆನ್ ಬೋಲ್ಟ್ (ತಲೇಲಿ ಆರು ಮೂಲೆ ತೂತಿರೋ ಬೋಲ್ಟ್) ಸೆಟ್ ಹಾಕಿಸ್ತಾರೆ, ಓಡಿಸೋ ಗಾಡಿಗೆ ಅದು ಒಳ್ಳೇದೇ, ನಾನು ಮಾತ್ರ ನಮ್ಮಪ್ಪನ ಗಾಡಿಗೆ ಒರಿಜಿನಲ್ ಥರದ ಸ್ಟಾರ್ ಸ್ಕ್ರೂನೇ ಹೊಸದು ಹುಡುಕಿ ಹಾಕಿದೆ.

ಅಂಗಡೀಲಿ ತಗೊಳ್ಳೋವಾಗ ಡಬ್ಬಿ ಬಿಚ್ಚಿಸಿ ನೋಡ್ರಿ, ನಾಚ್ಕೋಬ್ಯಾಡ್ರಿ. "ಸಾವ್ಕಾರ್ರೆ, ಒಂದೇಟು ಹೊಡೆದು ನೋಡ್ತೀನಿ" ಅಂದೆ, ಅವರೇ ಕಟ್ಟಿಗೆ ತುಂಡು ಸುತ್ತಿಗೆ ಎರಡೂ ಕೊಟ್ರು. ತುದೀನ ಕಟ್ಟಿಗೆಗೆ ಒತ್ತಿದ್ರೆ ಒಳಗೆ ಹೋಗಿ ತಿರುಗಿ, ಬಿಟ್ರೆ ಸ್ಪ್ರಿಂಗ್ ಬಲಕ್ಕೆ ಚಟ್ ಅಂತ ವಾಪಸ್ ಬರ್ಬೇಕು, ನಡುವೆ ಸಿಕ್ಕಾಕ್ಕೊಳ್ಳಬಾರ್ದು. ಎಡ ಬಲ ಎರಡೂ ಕಡೆ ಬದಲಾಯಿಸಿ ನೋಡ್ರಿ, ಬಾಡಿ ಮೇಲೆ ಎಲ್ ಆರ್ ಅಂತಾನೋ ಬಾಣದ ಗುರುತೋ ಇರುತ್ತೆ. ಹೋಲ್ಡರ್ ಚೌಕಕ್ಕೆ ಲಟ್ ಅಂತ ಕಚ್ಚಿ ನಿಲ್ಬೇಕು. ಮುಂದ್ಗಡೆ ಲಾಕ್ ರಿಂಗ್ ಇರೋ ಮಾಡೆಲ್ ಸಿಕ್ರೆ ಅದನ್ನೇ ತಗೊಳ್ರಿ, ಒಳಗಿನ ಹಳೇ ಗ್ರೀಸ್ ಒಣಗಿ ಬಿಗಿಯಾದಾಗ ಆ ರಿಂಗ್ ತೆಗೆದು ಸೀಮೆಎಣ್ಣೇಲಿ ತೊಳೆದು ಹೊಸ ಗ್ರೀಸ್ ತುಂಬಿಸ್ಬಹುದು, ಬಿಚ್ಚೋಕೆ ಬರದ ಮಾಡೆಲ್ಲಿಗೆ ಆ ಸೌಕರ್ಯ ಇಲ್ಲ.